ಅವ್ವನಿಗೆ ಕೋಣೆ ಬಿಡಬೇಕು, 19 ಹಳೇ ಕಂಪ್ಯೂಟರ್ ಎಲ್ಲಿಡಲಿ? (ಧಾರವಾಡ)

ಮಾಳಮಡ್ಡಿಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೇ ಹಂಚಿನ ಮನೆ. ಪಡಸಾಲೆ, ಅಡುಗೆಮನೆ, ಎರಡು ಕೋಣೆ, ಹಿಂದೆ ಹಿತ್ತಲು. ಅದರಲ್ಲಿ ಒಂದು ಕೋಣೆ ಹದಿನಾರು ವರ್ಷದಿಂದ ನನ್ನ ಕಂಪ್ಯೂಟರುಗಳದ್ದು. ಹಾವೇರಿಯಲ್ಲಿ ತಮ್ಮನ ಮನೆಯಲ್ಲಿದ್ದ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿದೆ. ಮುಂದಿನ ತಿಂಗಳು ನಮ್ಮಲ್ಲಿಗೆ ಬರುತ್ತಾಳೆ. ಬಚ್ಚಲಿಗೆ ಹತ್ತಿರ ಇರುವುದು, ಬೆಳಗಿನ ಬಿಸಿಲು ಬೀಳುವ ಕಿಟಕಿ ಇರುವುದು ಅದೇ ಕೋಣೆಗೆ. ಬಿಟ್ಟುಕೊಡುವುದರಲ್ಲಿ ಎರಡು ಮಾತಿಲ್ಲ. ಕೇಳಬೇಕಾದ್ದು ಆಮೇಲಿನದು.

ಒಟ್ಟು 19 ಮಷೀನು, 7 ಮಾನಿಟರ್, ಎರಡು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ನಾಲ್ಕು ಡಬ್ಬಿ ಫ್ಲಾಪಿ. ಒಂದು ಶಾಲೆಯ ಹರಾಜಿನಲ್ಲಿ ಸಿಕ್ಕ ಬಿಬಿಸಿ ಮೈಕ್ರೋ ಇದೆ. 1984-85ರಲ್ಲಿ ಶುರುವಾದ, ಕ್ಲಾಸ್ ಅನ್ನುವ ಸರ್ಕಾರಿ ಕಂಪ್ಯೂಟರ್ ಕಲಿಕೆ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಕೊಟ್ಟಿದ್ದು ಇದೇ ಥರದ ಮಷೀನು. ಹೈದರಾಬಾದಿನ ಡೆಸಿಬೆಲ್ಸ್ ತಯಾರಿಸಿದ ಸ್ಪೆಕ್ಟ್ರಂ ಅನ್ನುವ ಮನೆ ಬಳಕೆಯ ಸಣ್ಣ ಕಂಪ್ಯೂಟರ್ ಒಂದಿದೆ. ಎರಡು ಫ್ಲಾಪಿ ಡ್ರೈವಿನ ಪಿಸಿ-ಎಕ್ಸ್‌ಟಿ, ಅದರ ನಂತರದ ಪೀಳಿಗೆಗಳಾದ ಒಂದು 386, ಎರಡು 486, ಉಳಿದದ್ದು ಬಹುಪಾಲು ಪೆಂಟಿಯಂ ಕಾಲದ್ದು. 386 ಒಳಗೆ ಜಿಸ್ಟ್ ಕಾರ್ಡ್ ಇದೆ, ಭಾರತೀಯ ಭಾಷೆಗಳ ಅಕ್ಷರ ಮೂಡಿಸುವ ಕಾರ್ಡ್. ವಿಂಡೋಸ್‌ಗೂ ಹಿಂದಿನ ಡಾಸ್ ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿದ್ದನ್ನು ನಾನು ಮೊದಲು ನೋಡಿದ್ದು ಅಂಥದೇ ಮಷೀನಿನಲ್ಲಿ, ಕಾಲೇಜಿನಲ್ಲಿದ್ದಾಗ. ಅದಕ್ಕೇ ಈ ಹುಚ್ಚು ಹಿಡಿದಿದ್ದು ಅನ್ನಬಹುದು.

ಮನೆಯಲ್ಲಿ ಉಳಿದಿರುವ ಜಾಗ ಇಷ್ಟು: ಪಡಸಾಲೆಯ ಒಂದು ಗೋಡೆ, 11 ಅಡಿ ಉದ್ದ. ಅಡುಗೆಮನೆ ಮೇಲಿನ ಹಲಗೆ ಅಟ್ಟ. ಹಿತ್ತಲಿನಲ್ಲಿ ತಗಡಿನ ಶೆಡ್. ಎಲ್ಲವನ್ನೂ ಅಟ್ಟಕ್ಕೆ ಏರಿಸಿ ತಾಡಪತ್ರಿ ಹೊದಿಸಿಬಿಡೋಣ ಅಂತ ಒಂದು ಯೋಚನೆ. ನನ್ನ ಹೆಂಡತಿ ಏನೂ ಬೇಡ ಅಂದಿಲ್ಲ. ಅವಳು ಕೇಳಿದ್ದು ಒಂದೇ, ಪಡಸಾಲೆಯಲ್ಲಿ ನಾಲ್ಕು ಜನ ಕೂರಲು ಜಾಗ ಇರಬೇಕು.

ಇಂಥದ್ದು ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗೋಕುಲರೋಡ್_ಸೋಲ್ಡರ್

ಅಣ್ಣಾ, ಜಾಗದ ಮಾತು ಆಮೇಲೆ. ಮೊದಲು ಸ್ಕ್ರೂಡ್ರೈವರ್ ತಗೊಂಡು 386 ಮತ್ತು 486 ಬಿಚ್ಚಿ. ಮದರ್‌ಬೋರ್ಡಿನಲ್ಲಿ ಕೀಬೋರ್ಡ್ ಚುಚ್ಚುವ ಜಾಗದ ಹತ್ತಿರ ಪೀಪಾಯಿ ಆಕಾರದ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ನೀಲಿ ಬಣ್ಣ, 3.6 ವೋಲ್ಟ್, ನಿಕಲ್ ಕ್ಯಾಡ್ಮಿಯಂ. ಇದು ಸೋರುತ್ತದೆ. ಇವತ್ತಲ್ಲ ನಾಳೆ ಸೋರಿಯೇ ಸೋರುತ್ತದೆ. ನನ್ನದೇ ಒಂದು 386 ಬೋರ್ಡ್ ಹೀಗೆ ಹೋಯಿತು. ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೆ, ನಾಲ್ಕು ವರ್ಷ ಬಿಟ್ಟು ತೆಗೆದರೆ ಬ್ಯಾಟರಿ ಸುತ್ತ ಹಸಿರು ಹುಡಿ, ಕೆಳಗಿನ ತಾಮ್ರದ ಗೆರೆಗಳು ಕೂದಲೆಳೆಯ ಹಾಗೆ ಎದ್ದು ಬಂದಿದ್ದವು. ಚಾಲೂ ಇದ್ದಾಗ ವಾರಕ್ಕೊಮ್ಮೆ ನೋಡುತ್ತಿದ್ದೆ. ಎತ್ತಿಟ್ಟ ಮೇಲೆ ನೋಡಲಿಲ್ಲ.

ಆದರೆ ಬ್ಯಾಟರಿ ಕತ್ತರಿಸುವ ಮೊದಲು ಒಂದು ಕೆಲಸ. ಮಷೀನು ಆನ್ ಮಾಡಿ, ಸೆಟಪ್ ಪರದೆಗೆ ಹೋಗಿ ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆ ಕಾಗದದ ಮೇಲೆ ಬರೆದುಕೊಳ್ಳಿ. ಬರೆದ ಚೀಟಿಯನ್ನು ಪೆಟ್ಟಿಗೆಯ ಒಳಗೇ ಅಂಟಿಸಿ. ಬ್ಯಾಟರಿ ಹೋದರೆ ಮಷೀನು ಇದನ್ನೆಲ್ಲ ಮರೆಯುತ್ತದೆ, ಆಮೇಲೆ ಡಿಸ್ಕ್ ಚೆನ್ನಾಗಿದ್ದರೂ ಬೂಟ್ ಆಗುವುದಿಲ್ಲ.

ಈಗಾಗಲೇ ಸೋರಿದ್ದರೆ ವಿನೆಗರ್ ಅಥವಾ ನಿಂಬೆರಸ, ಹಳೇ ಟೂತ್‌ಬ್ರಷ್. ಸೋರಿದ ರಸ ಕ್ಷಾರ, ಹುಳಿ ಅದನ್ನು ಕಡಿಯುತ್ತದೆ. ಆಮೇಲೆ ನೀರಿನಿಂದ ತೊಳೆದು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪೂರ್ತಿ ಒಣಗಿಸಿ. ಹೊಸದಾಗಿ 2032 ಗುಂಡಿ ಬ್ಯಾಟರಿ ಹಾಕುವುದಾದರೆ ನಡುವೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು ಡಯೋಡ್ ಹಾಕಲೇಬೇಕು. ಹಳೇ ಬೋರ್ಡ್ ಬ್ಯಾಟರಿಯನ್ನು ಚಾರ್ಜ್ ಮಾಡಲು ನೋಡುತ್ತದೆ. ಗುಂಡಿ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು.

ಎಕ್ಸ್‌ಟಿಯಲ್ಲಿ ಹಳೇ ಎಂಎಫ್‌ಎಂ ಹಾರ್ಡ್ ಡಿಸ್ಕ್ ಇದ್ದರೆ ಎತ್ತುವ ಮೊದಲು ಪಾರ್ಕ್ ಕಮಾಂಡ್ ಕೊಡಿ. ಅಂಥವು ಬಹುಪಾಲು ಓದುವ ಹೆಡ್ಡನ್ನು ತಾವಾಗಿ ಬದಿಗಿಡುವುದಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವಾಗ ಹೊಸ್ತಿಲಿಗೆ ತಾಗಿದರೂ ಸಾಕು, ಡಿಸ್ಕ್ ಹೋಗುತ್ತದೆ.

ಒಂದೇಸಾಕು

ಬೇಜಾರು ಮಾಡ್ಕೋಬೇಡಿ, ಆದರೆ ಹೇಳಲೇಬೇಕು. ನನ್ನ ಹತ್ತಿರ ಹನ್ನೊಂದು ಇದ್ದವು. ಎರಡು ವರ್ಷದ ಹಿಂದೆ ಹತ್ತನ್ನು ಬೇರೆ ಆಸಕ್ತರಿಗೆ ಕೊಟ್ಟೆ. ಬಿಬಿಸಿ ಮೈಕ್ರೋ ಈಗ ಬ್ರೌಸರಿನಲ್ಲೇ ಓಡುತ್ತದೆ. 386, 486 ಬೇಕಂದರೆ ಹಳೇ ಮಷೀನನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಎಮ್ಯುಲೇಟರ್‌ಗಳಿವೆ, 86ಬಾಕ್ಸ್ ಇದೆ, ಡಾಸ್‌ಬಾಕ್ಸ್ ಇದೆ. ಉಳಿಸಿಕೊಂಡ ಒಂದರ ಮುಂದೆ ಈಗ ವಾರಕ್ಕೆ ಎರಡು ಸಲ ಕೂರುತ್ತೇನೆ. ಹನ್ನೊಂದು ಇದ್ದಾಗ ತಿಂಗಳಿಗೊಮ್ಮೆಯೂ ಕೂರುತ್ತಿರಲಿಲ್ಲ, ಧೂಳು ಹೊಡೆಯುವುದರಲ್ಲೇ ಭಾನುವಾರ ಮುಗಿಯುತ್ತಿತ್ತು. ಅಟ್ಟಕ್ಕೆ ಏರಿಸಿದ ಮಷೀನು ಉಳಿದ ಹಾಗಲ್ಲ. ಕಣ್ಣಿಗೆ ಕಾಣದ ಜಾಗದಲ್ಲಿ ಅದು ಹಾಳಾಗುತ್ತಿರುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಮಾಳಮಡ್ಡಿಯವ

ಬೇಜಾರೇನಿಲ್ಲ ಸರ್. ಕೊನೆಯ ಮಾತು ನಿಜ, ಮೇಲೆ ಬ್ಯಾಟರಿ ಬಗ್ಗೆ ಓದಿದಾಗಲೂ ಅದೇ ಅನ್ನಿಸಿತು. ನಿನ್ನೆ ರಾತ್ರಿಯೇ ಮೂರೂ ಪೆಟ್ಟಿಗೆ ಬಿಚ್ಚಿದೆ. ಒಂದು 486ರಲ್ಲಿ ಸೋರಿಕೆ ಶುರುವಾಗಿದೆ, ಬ್ಯಾಟರಿಯ ಕಾಲಿನ ಬುಡದಲ್ಲಿ ಸಾಸಿವೆಯಷ್ಟು ಹಸಿರು. ಸಮಯಕ್ಕೆ ಸರಿಯಾಗಿ ಸಿಕ್ಕಿತು. ಆದರೆ ಒಂದಕ್ಕೇ ಇಳಿಸಲು ಮನಸ್ಸು ಬರುತ್ತಿಲ್ಲ. ಎಮ್ಯುಲೇಟರಿಗೆ ಫ್ಲಾಪಿ ಹಾಕಲು ಬಾಯಿ ಇಲ್ಲವಲ್ಲ.

ಉಣಕಲ್_ಸಿವಿಲ್

ಹಲಗೆ ಅಟ್ಟಕ್ಕೆ ಮಾನಿಟರ್ ಏರಿಸುವ ವಿಚಾರ ಬಿಟ್ಟುಬಿಡಿ. 14 ಇಂಚಿನ ಗಾಜಿನ ಮಾನಿಟರ್ ಒಂದೊಂದು ಹತ್ತು ಹನ್ನೆರಡು ಕಿಲೋ, 17 ಇಂಚಿನದು ಇನ್ನೂ ಜಾಸ್ತಿ. ಅಡುಗೆಮನೆಯಲ್ಲಿ ನಿಂತವರ ತಲೆ ಮೇಲೆ ನೂರು ಕಿಲೋ ತೂಗಬಾರದು. ಹಗುರ ಸಾಮಾನಿಗೆ ಅಂದರೂ ಮೊದಲು ಅಟ್ಟದ ತೊಲೆಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಚುಚ್ಚಿ ನೋಡಿ. ಗೋಡೆಯೊಳಗೆ ಸೇರುವ ಜಾಗದಲ್ಲಿ ಮೆತ್ತಗೆ ಒಳಗೆ ಹೋದರೆ ಗೆದ್ದಲು ತಿಂದಿದೆ ಅಂತಲೇ.

ಇನ್ನೊಂದು, ಧಾರವಾಡದ ಹಂಚಿನ ಮನೆ ಅಂದಮೇಲೆ ಮಂಗಗಳ ಕಾಟ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಒಂದು ಹಂಚು ಸರಿದಿರುತ್ತದೆ, ಜೂನ್ ಮಳೆಗೆ ಅದು ಗೊತ್ತಾಗುತ್ತದೆ. ತಾಡಪತ್ರಿ ಹೊದಿಸಿದರೆ ನೀರು ನಿಲ್ಲಬಹುದು, ಒಳಗಿನ ಹಸಿ ಹೊರಗೆ ಹೋಗುವುದಿಲ್ಲ. ನಾಲ್ಕು ತಿಂಗಳ ಜಿಟಿಜಿಟಿ ಮಳೆಯಲ್ಲಿ ಒಳಗೆ ಬೂಸ್ಟು ಹಿಡಿಯುತ್ತದೆ. ತಗಡಿನ ಶೆಡ್ ಅಂತೂ ಬೇಸಿಗೆಯಲ್ಲಿ ಒಲೆ. ಫ್ಲಾಪಿ ಡ್ರೈವಿನ ರಬ್ಬರ್ ಬೆಲ್ಟ್ ಅಲ್ಲಿ ಕರಗಿ ಅಂಟಾಗುತ್ತದೆ.

ನಿಮ್ಮ 11 ಅಡಿ ಗೋಡೆ ಚಿನ್ನದಂಥದ್ದು. ಅಂಗಡಿಗಳಲ್ಲಿ ಇರುತ್ತದಲ್ಲ, ತೂತು ತೂತಿನ ಕಬ್ಬಿಣದ ಆಂಗಲ್ ರ‍್ಯಾಕ್, ಅದನ್ನು ಹಾಕಿ. ಆದರೆ ಆಳ ನೋಡಿ ಕೊಳ್ಳಿ. ಸುಲಭಕ್ಕೆ ಸಿಗುವುದು 12 ಮತ್ತು 15 ಇಂಚಿನದು. ಎಕ್ಸ್‌ಟಿ ಪೆಟ್ಟಿಗೆಯ ಆಳವೇ ಸುಮಾರು 41 ಸೆಂಟಿಮೀಟರ್, ಅಂದರೆ 16 ಇಂಚು, ಹಿಂದೆ ಕೇಬಲ್ ಬೇರೆ. 18 ಇಂಚಿನದೇ ಬೇಕು. ಹಿಂದೆ ತಗಡು ಹಾಕಿಸಬೇಡಿ, ಕೇಬಲ್ ಹೊರಬರಲಿ. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಿ, ಗೋಡೆಯ ತೇವವೂ ತಾಗುವುದಿಲ್ಲ, ಗೆದ್ದಲು ಏರಿದರೂ ಕಣ್ಣಿಗೆ ಬೀಳುತ್ತದೆ. ಮೇಲ್ಗಡೆ ಎರಡು ಕ್ಲಾಂಪಿನಿಂದ ಗೋಡೆಗೆ ಬಿಗಿಯಲೇಬೇಕು. ಅವ್ವನವರು ಆಸರೆಗೆ ಅದನ್ನೇ ಹಿಡಿದುಬಿಟ್ಟರೆ?

ನವನಗರದ_ವೈನಿ

ನಾನು ಕಂಪ್ಯೂಟರ್ ಕೂಡಿಹಾಕುವವಳಲ್ಲ, ಕೂಡಿಹಾಕುವವರ ಹೆಂಡತಿ. ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಈ ಸಂಸಾರ ನಡೆದಿದೆ, ಅದರಿಂದ ಕಲಿತದ್ದು ಹೇಳುತ್ತೇನೆ.

ಪಡಸಾಲೆಯ ದಿವಾನ್ ಕಾಟಿನ ಹೊಟ್ಟೆ ಖಾಲಿ ಇದೆಯಾ ನೋಡಿ. ಸ್ಪೆಕ್ಟ್ರಂ ಅಂದರೆ ಒಂದು ಕೀಬೋರ್ಡಿನಷ್ಟೇ. ಕೀಬೋರ್ಡಿನೊಳಗೇ ಕಂಪ್ಯೂಟರ್ ಇರುವ ಥರದ್ದೆಲ್ಲ ದಿವಾನಿಗೆ ಹೋಗಲಿ. ದೊಡ್ಡ ಪೆಟ್ಟಿಗೆಗೆ ಮಾತ್ರ ರ‍್ಯಾಕ್.

ಹೊದಿಸಲು ಪ್ಲಾಸ್ಟಿಕ್ ಬೇಡ. ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಇಟ್ಟ ಒಂದು ಮಾನಿಟರಿನ ಮೇಲೆ ಗುಳ್ಳೆಗಳ ಅಚ್ಚು ಹಾಗೇ ಉಳಿದಿದೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಇನ್ನೂ ಕೆಟ್ಟದ್ದು ಮೌಸಿನ ವೈರ್. ನಮ್ಮವರು ವೈರನ್ನು ಕೀಬೋರ್ಡಿನ ಮೇಲೆ ಸುತ್ತಿ ಎತ್ತಿಟ್ಟಿದ್ದರು. ಎರಡು ವರ್ಷದ ಮೇಲೆ ಬಿಡಿಸಿದರೆ ವೈರ್ ಇದ್ದ ಕಡೆಯೆಲ್ಲ ಪ್ಲಾಸ್ಟಿಕ್ ಕರಗಿ ಹಾವು ಹರಿದ ಗುರುತು. ವೈರಿನಲ್ಲಿರುವ ಮೆತ್ತನೆಯ ಎಣ್ಣೆಯಂಥದ್ದು ಇನ್ನೊಂದು ಪ್ಲಾಸ್ಟಿಕ್ಕನ್ನು ತಿನ್ನುತ್ತದಂತೆ. ವೈರನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ. ನುಸಿ ಗುಳಿಗೆಯನ್ನೂ ಹತ್ತಿರ ಇಡಬೇಡಿ.

ನಾನು ಹಳೇ ನೂಲಿನ ಸೀರೆ ಹೊದಿಸುತ್ತೇನೆ, ಗಾಳಿ ಆಡುತ್ತದೆ. ಪೆಟ್ಟಿಗೆಗಳ ನಡುವೆ ಕೌದಿ ಹಾಸುತ್ತೇನೆ. ನಮ್ಮತ್ತೆ ಹೊಲಿದ ಹಳೇ ಕೌದಿಗಳು, ಎರಡು ಮಡಿಕೆ ಮಾಡಿದರೆ ಮಾನಿಟರಿಗೂ ತಡೆಯುತ್ತವೆ.

ಕೊನೆಯದು. ಪೆಟ್ಟಿಗೆ ಹಿಂದೆ ಕಾರ್ಡ್ ತೆಗೆದ ಕಿಂಡಿ ಖಾಲಿ ಬಿಟ್ಟಿದ್ದರೆ ತಗಡಿನ ಪಟ್ಟಿ ಹಾಕಿ ಮುಚ್ಚಿ. ಹಂಚಿನ ಮನೆಯಲ್ಲಿ ಇಲಿ ಬರದೇ ಇರುವುದಿಲ್ಲ. ಒಂದು ಸಲ ಪವರ್ ಸಪ್ಲೈ ಪಕ್ಕ ಐದು ಮರಿ ಸಿಕ್ಕಿದ್ದವು.

ಗೋಕುಲರೋಡ್_ಸೋಲ್ಡರ್

ವೈನಿ ಹೇಳಿದ ವೈರಿನ ಮಾತು ನೂರಕ್ಕೆ ನೂರು ಸರಿ.

ನಿಜವಾಗಿ ಜಾಗ ತಿನ್ನುವುದು ಮಾನಿಟರ್ ಅಣ್ಣಾ, ಮಷೀನಲ್ಲ. ಏಳು ಬೇಕಿಲ್ಲ, ಮೂರು ಸಾಕು. ಆದರೆ ಯಾವ ಮೂರು ಅನ್ನುವುದರಲ್ಲಿ ತಪ್ಪಬಾರದು. ಬಿಬಿಸಿ, ಸ್ಪೆಕ್ಟ್ರಂ ಹೊರಡಿಸುವುದು ಹಳೇ ಟಿವಿಯ ವೇಗದ ಸಿಗ್ನಲ್, ಸುಮಾರು 15.6 ಕಿಲೋಹರ್ಟ್ಸ್. ಅದಕ್ಕೆ ಒಂದು ಸಣ್ಣ ಕಲರ್ ಟಿವಿ. ಎಕ್ಸ್‌ಟಿಯಲ್ಲಿ ಹರ್ಕ್ಯುಲಿಸ್ ಡಿಸ್‌ಪ್ಲೇ ಕಾರ್ಡ್ ಇದ್ದರೆ ಅದಕ್ಕೆ ಬೇಕಾದದ್ದು 18.4 ಕಿಲೋಹರ್ಟ್ಸಿನ ಮೊನೊಕ್ರೋಮ್ ಮಾನಿಟರ್. ಅದು ಬೇರೆ ಯಾವುದರಿಂದಲೂ ಆಗುವುದಿಲ್ಲ, ಈಗ ಹುಡುಕಿದರೂ ಸಿಗುವುದು ಕಷ್ಟ, ಅದನ್ನಂತೂ ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ. ಮೂರನೆಯದು ವಿಜಿಎ ಮಾನಿಟರ್, 31.5 ಕಿಲೋಹರ್ಟ್ಸ್. 386ರಿಂದ ಪೆಂಟಿಯಂವರೆಗೆ ಎಲ್ಲಕ್ಕೂ ಒಂದೇ. ದಿನದ ಕೆಲಸಕ್ಕೆ 15 ಇಂಚಿನ ಹಳೇ ಎಲ್‌ಸಿಡಿಯೂ ನಡೆಯುತ್ತದೆ.

ಬೇಡವಾದ ಮಾನಿಟರನ್ನು ಗುಜರಿಗೆ ಹಾಕಬೇಡಿ. ತಾಮ್ರದ ಸುರುಳಿಗಾಗಿ ಕೊಳವೆಯ ಕತ್ತು ಮುರಿದು ಗಾಜನ್ನು ಚರಂಡಿಗೆ ಎಸೆಯುತ್ತಾರೆ, ಆ ಗಾಜಿನಲ್ಲಿ ಸೀಸ ಇದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಡಿ ನೋಂದಣಿ ಆದವರಿಗೇ ಕೊಡಿ. ನೀವಾಗಿ ಒಳಗೆ ಕೈ ಹಾಕಲೂಬೇಡಿ. ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ನಿಂತಿರಬಹುದು.

ಗದಗ_ಪ್ರೆಸ್ಸಿನವಳು

ಮೊದಲ ಸಲ ಬರೆಯುತ್ತಿದ್ದೇನೆ. ಜಿಸ್ಟ್ ಕಾರ್ಡ್ ಅಂದದ್ದಕ್ಕೆ ಬರೆಯಲೇಬೇಕಾಯಿತು.

ನಮ್ಮದು ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್. ನಮ್ಮೂರಿಗೆ ಮುದ್ರಣ ಕಾಶಿ ಅನ್ನುತ್ತಾರೆ, ಒಂದು ಕಾಲಕ್ಕೆ ನಮ್ಮ ಓಣಿಯಲ್ಲೇ ನಾಲ್ಕು ಪ್ರೆಸ್ ಇದ್ದವು. ಅಪ್ಪಾಜಿ ಮೊಳೆ ಜೋಡಿಸುವುದನ್ನು ಬಿಟ್ಟು ಕಂಪ್ಯೂಟರಿಗೆ ಬಂದಾಗ ತಂದದ್ದು ಜಿಸ್ಟ್ ಕಾರ್ಡಿದ್ದ 386. ಆಮೇಲೆ ವಿಂಡೋಸ್, ಪೇಜ್‌ಮೇಕರ್, ಪ್ರಿಂಟರ್ ಪೋರ್ಟಿಗೆ ಚುಚ್ಚುವ ಬೀಗದ ಶ್ರೀಲಿಪಿ ಅನ್ನುವ ಕನ್ನಡ ಫಾಂಟಿನ ಸಾಫ್ಟ್‌ವೇರ್ ಎಲ್ಲ ಬಂತು. 386 ಯಾವಾಗಲೋ ರದ್ದಿಗೆ ಹೋಯಿತು. ಅಪ್ಪಾಜಿ ಈಗ ಇಲ್ಲ.

ಅವರ ಟೇಬಲ್ಲಿನ ಕೆಳಗೆ 41 ಫ್ಲಾಪಿ ಇವೆ, ದೊಡ್ಡವು, ಬಗ್ಗುವ ಥರದವು. ಮೇಲೆ ಅವರದೇ ಅಕ್ಷರ: ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ಪುರಾಣ 1, ಪುರಾಣ 2. ಒಂದರ ಮೇಲೆ ಬರೀ "ನಂದು" ಅಂತ ಇದೆ. ಅದರಲ್ಲಿ ಏನಿದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿದೆ, ಅದಕ್ಕೆ ಇವು ಹಿಡಿಸುವುದೇ ಇಲ್ಲ. ಹುಬ್ಬಳ್ಳಿಯಲ್ಲಿ ಒಂದು ಅಂಗಡಿಗೆ ಕೊಟ್ಟಿದ್ದೆ, ವಾರ ಇಟ್ಟುಕೊಂಡು ಹಾಗೇ ವಾಪಸ್ ಕೊಟ್ಟರು.

ಸರ್, ನೀವು ಯಾವುದನ್ನು ಕೊಟ್ಟರೂ 386 ಕೊಡಬೇಡಿ. ನಿಮಗೆ ಜಾಗ ಇಲ್ಲದಿದ್ದರೆ ನಮ್ಮ ಪ್ರೆಸ್ಸಿನಲ್ಲಿ ನಾನು ಇಟ್ಟುಕೊಳ್ಳುತ್ತೇನೆ.

ಗೋಕುಲರೋಡ್_ಸೋಲ್ಡರ್

ಅಕ್ಕಾ, ಯುಎಸ್‌ಬಿ ಡ್ರೈವ್ ಓದುವುದು ಮೂರೂವರೆ ಇಂಚಿನದನ್ನು ಮಾತ್ರ. ನಿಮ್ಮವು ಐದೂಕಾಲು ಇಂಚು. ಯಾವುದನ್ನೂ ಡ್ರೈವಿಗೆ ಹಾಕುವ ಮೊದಲು ಕಿಟಕಿಯಂಥ ಸೀಳಿನಲ್ಲಿ ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣದ ಮೇಲೆ ಬಿಳಿ ಚುಕ್ಕೆ ಇದ್ದರೆ ಬೂಸ್ಟು. ಹಾಗೇ ಹಾಕಿದರೆ ಆ ಫ್ಲಾಪಿಯೂ ಹೋಗುತ್ತದೆ, ಹೆಡ್ ಕೊಳೆಯಾಗಿ ಮುಂದಿನದೂ ಹೋಗುತ್ತದೆ. ಅಂಥವನ್ನು ಬೇರೆ ತೆಗೆದಿಡಿ. ಉಳಿದದ್ದನ್ನು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಜೊತೆಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ ಅಂತ ಅರ್ಥ, ಬದಲಿಸಿ.

ಜಿಸ್ಟ್ ಕಾಲದ ಕಡತ ಭಾರತೀಯ ಲಿಪಿಗಳಿಗಾಗಿ ಇದ್ದ ಇಸ್ಕಿ ಸಂಕೇತದಲ್ಲಿದ್ದರೆ ಅದೃಷ್ಟ. ಈಗ ಎಲ್ಲ ಕಡೆ ಬಳಸುವ ಯೂನಿಕೋಡಿನ ಕನ್ನಡ ಭಾಗ ಬಂದದ್ದೇ ಇಸ್ಕಿಯ ಜೋಡಣೆಯಿಂದ, ಹಾಗಾಗಿ ಬದಲಿಸುವುದು ಸುಲಭ. ವಿಂಡೋಸ್ ಫಾಂಟಿನಲ್ಲಿ ಮಾಡಿದ್ದು ಕಷ್ಟ. ಅಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ತುಂಡುಗಳು. ಶ್ರೀಲಿಪಿಯ ಆ ಬೀಗವನ್ನೂ ಕಳೆಯಬೇಡಿ.

ಹಾವೇರಿ_ಮೇಷ್ಟ್ರು

ಪೆಂಟಿಯಂಗಳನ್ನು ಶಾಲೆಗೆ ಕೊಡಿ ಅಂತ ಯಾರಾದರೂ ಹೇಳುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಸಂಸ್ಥೆಗೆ ಕೊಡಬೇಡಿ, ಮನುಷ್ಯರಿಗೆ ಕೊಡಿ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ನಾನೇ ಕೂಡಿಸಿ ಇಟ್ಟಿದ್ದ ನಾಲ್ಕು ಮಷೀನು ನನಗೆ ವರ್ಗವಾದ ವರ್ಷವೇ ಕೋಣೆ ಬೇಕು ಅಂತ ಹೊರಗೆ ಬಂದವು. ಮಳೆಯಲ್ಲಿ ಎರಡು ತಿಂಗಳು ವರಾಂಡದಲ್ಲಿದ್ದವು.

ಈಗ ನಿವೃತ್ತಿಯಾಗಿದೆ, ಮನೆಯಲ್ಲಿ ಒಂದು ಕೋಣೆ ಖಾಲಿ. ಶನಿವಾರ ಓಣಿಯ ಮಕ್ಕಳು ಬರುತ್ತಾರೆ. ಮೂರು ಮಷೀನು, ಎರಡು ಮಾನಿಟರ್ ನಾನು ಇಟ್ಟುಕೊಳ್ಳಬಲ್ಲೆ. ಅವು ನಿಮ್ಮವೇ. ಒಂದು ವಹಿಯಲ್ಲಿ ಬರೆದುಕೊಡುತ್ತೇನೆ, ಬೇಕೆನಿಸಿದಾಗ ಒಯ್ಯಿರಿ. ಮುಚ್ಚಳ ತೆಗೆದು ಮಕ್ಕಳಿಗೆ ಒಳಗಿನದನ್ನು ತೋರಿಸಲು ಅಪ್ಪಣೆ ಇರಲಿ, ಅಷ್ಟೇ.

ಮಾಳಮಡ್ಡಿಯವ

ಮೂರು ವಾರ ಆಯಿತು, ಬರೆಯಲಾಗಲಿಲ್ಲ. ಅವ್ವ ಬಂದಿದ್ದಾಳೆ, ವಾಕರ್ ಹಿಡಿದು ಪಡಸಾಲೆವರೆಗೆ ನಡೆಯುತ್ತಾಳೆ.

ಆದದ್ದನ್ನು ಹೇಳುತ್ತೇನೆ. ಕೋಣೆ ಖಾಲಿ ಮಾಡಿದಾಗ ಗೊತ್ತಾಯಿತು, ಮಷೀನುಗಳ ಹಿಂದಿನ ಗೋಡೆ ಮಂಡಿಯೆತ್ತರಕ್ಕೆ ತೇವ ಹಿಡಿದಿತ್ತು. ಗೋಡೆಗೆ ಒತ್ತಿ ಇಟ್ಟಿದ್ದರಿಂದ ನಮಗೆ ಕಂಡೇ ಇರಲಿಲ್ಲ. 386ರ ಹಿಂಬದಿಯ ಸ್ಕ್ರೂಗಳು ತುಕ್ಕು ಹಿಡಿದು ಒಂದು ಬಿಚ್ಚಲೇ ಇಲ್ಲ, ಕೊರೆದು ತೆಗೆದೆ. ಒಂದು ವಾರ ಗೋಡೆ ಒಣಗಿಸಿ, ಕೆರೆದು, ಹೊಸ ಸುಣ್ಣ ಹೊಡೆಸಿದ ಮೇಲೇ ಅವ್ವನ ಮಂಚ ಹಾಕಿದ್ದು.

ಪಡಸಾಲೆಗೆ 18 ಇಂಚಿನ ಎರಡು ರ‍್ಯಾಕ್, ತಲಾ ಮೂರು ಅಡಿ. ಮೂರನೆಯದು ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ, ವಾಕರ್ ದಾಟಬೇಕಲ್ವಾ. ಉಳಿದ ಐದು ಅಡಿಯಲ್ಲಿ ನಾಲ್ಕು ಕುರ್ಚಿ. ರ‍್ಯಾಕಿನಲ್ಲಿ ಒಂಬತ್ತು ಮಷೀನು, ದಿವಾನಿನಲ್ಲಿ ಎರಡು, ಮೂಲೆಯ ಸಣ್ಣ ಟೇಬಲ್ಲಿನ ಮೇಲೆ ಒಂದು. ಟೇಬಲ್ಲಿನ ಮೇಲಿನದು ತಿಂಗಳಿಗೊಮ್ಮೆ ಬದಲಾಗುತ್ತದೆ. ಹೀಗೆ ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದೂ ಚಾಲೂ ಆಗುತ್ತದೆ. ಬಹಳ ದಿನದ ಮೇಲೆ ಆನ್ ಮಾಡುವುದನ್ನು ಕರೆಂಟ್ ಒಮ್ಮೆಲೇ ಜಾಸ್ತಿ ಹರಿಯದಂತೆ ಸೀರೀಸ್ ಬಲ್ಬ್ ಹಾಕಿಯೇ ಮಾಡುತ್ತೇನೆ. ಈ ತಿಂಗಳು ಬಿಬಿಸಿ. ಆನ್ ಮಾಡಿದಾಗಿನ ಪೀಂ... ಪ್ ಸದ್ದಿಗೆ ಅವ್ವ ಒಳಗಿನಿಂದ ಯಾರು ಬಂದರು ಅಂತ ಕೇಳುತ್ತಾಳೆ.

ಮೂರು ಪೆಂಟಿಯಂ ಮೇಷ್ಟ್ರ ಮನೆಗೆ ಹೋದವು, ವಹಿಯಲ್ಲಿ ಬರೆದಾಗಿದೆ. ಎರಡು ಬಿಡಿಭಾಗಕ್ಕೆ ಅಂತ ಗೋಕುಲ ರೋಡಿನವರಿಗೆ. ಇನ್ನೆರಡು ಪೂರ್ತಿ ಸತ್ತಿದ್ದವು, ಎರಡು ಮಾನಿಟರಿನ ಜೊತೆ ಇ-ತ್ಯಾಜ್ಯದವರಿಗೆ ಕೊಟ್ಟೆ. ಕೊಡುವ ದಿನ ಮನಸ್ಸಿಗೆ ಕಷ್ಟವಾಯಿತು. ಒಂದೇಸಾಕು ಅವರು ಆ ಸಂಜೆ ಫೋನ್ ಮಾಡಿ ಅರ್ಧ ತಾಸು ಮಾತಾಡಿದರು. ವೈನಿ, ಕೌದಿ ನಮ್ಮ ಅವ್ವನ ಹತ್ತಿರವೇ ಎರಡು ಇದ್ದವು, ಅವಳೇ ತೆಗೆದುಕೊಟ್ಟಳು.

ಅಟ್ಟದಲ್ಲಿ ಈಗ ಖಾಲಿ ರಟ್ಟಿನ ಡಬ್ಬಿಗಳು ಮಾತ್ರ.

ಗದಗಿನ ಅಕ್ಕಾ, 386 ಬೋರ್ಡ್ ತೊಳೆದು ಹೊಸ ಬ್ಯಾಟರಿ ಹಾಕಿ ಆಯಿತು. ಜಿಸ್ಟ್ ಕಾರ್ಡ್ ಎದ್ದಿದೆ, ಕನ್ನಡ ಮೂಡುತ್ತಿದೆ. ಅದರ ಡ್ರೈವ್ 1.2 ಎಂಬಿಯದು. ನಿಮ್ಮ ಫ್ಲಾಪಿ 360 ಕೆಬಿಯವಾಗಿದ್ದು ಅದರಲ್ಲಿ ಸರಿಯಾಗಿ ಓದದಿದ್ದರೆ ಪಕ್ಕದಲ್ಲೇ 360 ಕೆಬಿ ಡ್ರೈವಿರುವ ಎಕ್ಸ್‌ಟಿ ಇದೆ. ಬರೆಯದಂತೆ ಪ್ರತಿಯೊಂದರ ಬದಿಯ ಕಚ್ಚಿಗೂ ಟೇಪ್ ಅಂಟಿಸಿ ತನ್ನಿ.

ಗದಗ_ಪ್ರೆಸ್ಸಿನವಳು

ಟೇಪ್ ಅಂಟಿಸಿದೆ. ಬೆಳಕಿಗೆ ಹಿಡಿದು ನೋಡಿದೆ, ಆರರಲ್ಲಿ ಬಿಳಿ ಚುಕ್ಕೆ ಇವೆ, ಅವನ್ನು ಬೇರೆ ಡಬ್ಬಿಗೆ ಹಾಕಿದ್ದೇನೆ. "ನಂದು" ಅಂತ ಇರುವುದು ಸ್ವಚ್ಛ ಇದೆ. ಭಾನುವಾರ ಬೆಳಿಗ್ಗೆ ಅವ್ವನನ್ನೂ ಕರೆದುಕೊಂಡು ಬರುತ್ತೇನೆ, ಆಗಬಹುದಾ?

ಮಾಳಮಡ್ಡಿಯವ

ಖಂಡಿತ ಬನ್ನಿ, ಊಟ ನಮ್ಮಲ್ಲೇ. ನಮ್ಮವ್ವನಿಗೂ ಮಾತಿಗೆ ಜೊತೆಯಾಗುತ್ತದೆ. ಶನಿವಾರ ರಾತ್ರಿಯೇ ಡ್ರೈವಿನ ಹೆಡ್ ಒರೆಸಿ, ನನ್ನದೊಂದು ಫ್ಲಾಪಿ ಓದಿಸಿ ನೋಡಿರುತ್ತೇನೆ. "ನಂದು" ಕೊನೆಗೆ ಹಾಕೋಣ. ಮೊದಲು ಜಾತ್ರೆ ಹ್ಯಾಂಡ್‌ಬಿಲ್.